ಮಂಗಳೂರೋ ಉಡುಪಿಯೋ: ಮೇ ತಿಂಗಳ ಬಾವಿ, ಜುಲೈ ತಿಂಗಳ ಗೋಡೆ

ಮನೆ ನೋಡಲು ಜನ ಕರಾವಳಿಗೆ ಬರುವುದು ಹೆಚ್ಚಾಗಿ ಡಿಸೆಂಬರ್, ಜನವರಿಯಲ್ಲಿ. ಆಗ ಬಾವಿಯಲ್ಲಿ ನೀರಿರುತ್ತದೆ, ಗೋಡೆಗೆ ಹೊಸ ಬಣ್ಣ ಬಿದ್ದಿರುತ್ತದೆ, ಬೆಳಗಿನ ಜಾವ ಹೊದಿಕೆ ಬೇಕೆನಿಸುವಷ್ಟು ತಂಪಿರುತ್ತದೆ. ಆ ತಿಂಗಳಲ್ಲಿ ಮಂಗಳೂರು ನೋಡಿದರೂ ಒಪ್ಪಿಗೆ, ಉಡುಪಿ ನೋಡಿದರೂ ಒಪ್ಪಿಗೆ. ಹಾಗಾಗಿ ಆ ತಿಂಗಳನ್ನೇ ನಾವು ಲೆಕ್ಕದಿಂದ ಬಿಟ್ಟೆವು. ಕರಾವಳಿಯ ಮನೆ ತನ್ನ ನಿಜ ಹೇಳುವುದು ಮೇ ತಿಂಗಳ ಎರಡನೇ ವಾರದಲ್ಲಿ ಒಮ್ಮೆ, ಜುಲೈ ನಡುವಿನಲ್ಲಿ ಇನ್ನೊಮ್ಮೆ. ಆ ಎರಡು ಹೊತ್ತಿನಲ್ಲಿ ಒಂದೇ ಮನೆಯನ್ನು, ಒಂದೇ ಓಣಿಯನ್ನು ನೋಡಿದ ಮೇಲೆ ಯಾವ ಊರಿನಲ್ಲಿ ನೆಲೆಸುವುದೆಂಬ ಪ್ರಶ್ನೆ ಅರ್ಧ ತಾನಾಗಿ ಬಗೆಹರಿಯುತ್ತದೆ.

ಮೊದಲು ಎರಡೂ ಊರಿಗೆ ಸಮಾನವಾದ ಸಂಗತಿಗಳನ್ನು ಪಟ್ಟಿಯಿಂದ ಹೊಡೆದು ಹಾಕಬೇಕು. ಇಲ್ಲದಿದ್ದರೆ ಅದರಲ್ಲೇ ಚರ್ಚೆ ಸುತ್ತುತ್ತದೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಎರಡಕ್ಕೂ ನಡುವೆ ಇರುವುದು ಅರವತ್ತು ಕಿಲೋಮೀಟರಿನೊಳಗಿನ ದಾರಿ. ಮಳೆ ಎರಡೂ ಕಡೆ ವರ್ಷಕ್ಕೆ 3,500 ಮಿಲಿಮೀಟರಿನ ಮೇಲೆಯೇ. ಉಡುಪಿ ಕಡೆ ಒಂದಿಷ್ಟು ಹೆಚ್ಚು. ಮಾರ್ಚ್‌ನಿಂದ ಮೇವರೆಗಿನ ಸೆಕೆ ಎರಡೂ ಕಡೆ ಒಂದೇ. ಕರೆಂಟು ಎರಡಕ್ಕೂ ಮೆಸ್ಕಾಂನದು; ಜೂನ್ ಮೊದಲ ಗಾಳಿಗೆ ಮರ ಬಿದ್ದು ತಂತಿ ಹರಿಯುವುದೂ ಎರಡೂ ಕಡೆ ಉಂಟು, ಇನ್ವರ್ಟರ್ ಎಲ್ಲಿದ್ದರೂ ಬೇಕು. ತುಳು, ಕೊಂಕಣಿ, ಕನ್ನಡ ಎಲ್ಲ ಕಡೆ ನಡೆಯುತ್ತವೆ. ಮಂಗಳೂರಿನಲ್ಲಿ ಬ್ಯಾರಿ ಹೆಚ್ಚು ಕಿವಿಗೆ ಬೀಳುತ್ತದೆ, ಉಡುಪಿಯಿಂದ ಉತ್ತರಕ್ಕೆ ಹೋದಂತೆ ಕುಂದಾಪ್ರ ಕನ್ನಡ. ಮೀನು ಮಲ್ಪೆಯಲ್ಲೂ ಮಂಗಳೂರಿನ ದಕ್ಕೆಯಲ್ಲೂ ಇಳಿಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವಾಗ ಎರಡೂ ಊರಿನ ಮಾರುಕಟ್ಟೆಯಲ್ಲಿ ಬಂಗುಡೆಯ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಗಡ್‌ಬಡ್ ಐಸ್‌ಕ್ರೀಮಿಗಾಗಿ ಊರು ಆರಿಸುವ ಅಗತ್ಯವೂ ಇಲ್ಲ.

ಉಳಿದದ್ದರಲ್ಲಿ ಮೊದಲನೆಯದು ನೀರು.

ಮಂಗಳೂರಿಗೆ ನೀರು ಬರುವುದು ನೇತ್ರಾವತಿಗೆ ತುಂಬೆಯಲ್ಲಿ ಕಟ್ಟಿದ ಕಿಂಡಿ ಅಣೆಕಟ್ಟಿನಿಂದ. ಉಡುಪಿಗೆ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಿಂದ. ಎರಡೂ ಪಶ್ಚಿಮಕ್ಕೆ ಹರಿಯುವ ನದಿಗಳು. ಮಳೆಗಾಲದಲ್ಲಿ ಬಂದ ನೀರೆಲ್ಲ ಕಡಲಿಗೆ ಓಡುತ್ತದೆ. ಅಣೆಕಟ್ಟು ಹಿಡಿದಿಡುವುದು ಬೇಸಗೆಯ ಕೆಲವು ವಾರಗಳಿಗಾಗುವಷ್ಟನ್ನು ಮಾತ್ರ. ಮೇ ತಿಂಗಳಲ್ಲಿ ಒಂದೆರಡು ಅಡ್ಡಮಳೆ ಬಂದರೆ ಬಚಾವು. ಮುಂಗಾರು ಜೂನ್ ಎರಡನೇ ವಾರಕ್ಕೆ ಜಾರಿತೆಂದರೆ ದಿನ ಬಿಟ್ಟು ದಿನ ನೀರು. 2019ರಲ್ಲೂ 2023ರಲ್ಲೂ ಮಂಗಳೂರಿನಲ್ಲಿ ಹೀಗೇ ಪಾಳಿಯ ಮೇಲೆ ನೀರು ಬಿಡಬೇಕಾಯಿತು. ತುಂಬೆಗೆ ಒಂದು ಅನುಕೂಲವಿದೆ: ಮೇಲ್ಗಡೆ ಶಂಭೂರಿನಲ್ಲಿ ಎಎಂಆರ್ ಎಂಬ ಖಾಸಗಿ ವಿದ್ಯುತ್ ಕಂಪನಿಯ ಅಣೆಕಟ್ಟಿದೆ, ತೀರಾ ತಳ ಕಂಡಾಗ ಅಲ್ಲಿಂದ ನೀರು ಬಿಡಿಸಿಕೊಳ್ಳಬಹುದು. ಉಡುಪಿಗೆ ವಾರಾಹಿ ನದಿಯ ನೀರು ತರುವ ಕೊಳವೆ ಯೋಜನೆ ಇದೆ. ನೀವು ನೋಡುವ ವಾರ್ಡಿನ ನಳ್ಳಿಗೆ ಅದು ಮುಟ್ಟಿದೆಯೇ ಎಂಬುದನ್ನು ನಗರಸಭೆಯ ನೀರಿನ ವಿಭಾಗದಲ್ಲೇ ಕೇಳಬೇಕು. ಬ್ರೋಕರನ್ನು ಕೇಳಿದರೆ ಉತ್ತರ ಯಾವತ್ತೂ "ಉಂಟು ಮಾರಾಯ್ರೆ, ಬರ್ತದೆ".

ನಾಲ್ಕು ಜನರ ಮನೆಗೆ, ತಲೆಗೆ ದಿನಕ್ಕೆ 135 ಲೀಟರಿನಂತೆ, 540 ಲೀಟರ್ ಬೇಕು. ದಿನ ಬಿಟ್ಟು ದಿನ ನೀರು ಎಂದರೆ ಒಂದು ಪಾಳಿ ತಪ್ಪಿದರೂ ತಾಳಿಕೊಳ್ಳಲು ಕನಿಷ್ಠ 2,000 ಲೀಟರಿನ ಸಂಪು. ಬಾಡಿಗೆ ಮನೆಗಳಲ್ಲಿ ಮೇಲೆ 500 ಲೀಟರಿನ ಕಪ್ಪು ಟ್ಯಾಂಕು ಇಟ್ಟು, ಕೆಳಗೆ ಸಂಪೇ ಇಲ್ಲದ್ದು ಬಹಳ. ಅದು ಜನವರಿಯಲ್ಲಿ ಕಣ್ಣಿಗೆ ಬೀಳುವುದಿಲ್ಲ.

ಆದರೆ ಕರಾವಳಿಯಲ್ಲಿ ಮನೆಯ ನಿಜವಾದ ಆಸ್ತಿ ಬಾವಿ. ನಳ್ಳಿ ನೀರು ಒಂದು ವಾರ ನಿಂತರೂ ಬಾವಿ ಇರುವ ಮನೆ ನಡೆಯುತ್ತದೆ. ಬಾವಿ ಪರೀಕ್ಷೆಗೆ ದೊಡ್ಡ ಸಲಕರಣೆ ಬೇಡ. ಮೇ ತಿಂಗಳಲ್ಲಿ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ, ಹಗ್ಗ ಎಷ್ಟು ಒದ್ದೆಯಾಯಿತೆಂದು ಅಳೆಯಿರಿ. ಎಂಟು ಅಡಿ ವ್ಯಾಸದ ಬಾವಿಯಲ್ಲಿ ಒಂದು ಅಡಿ ನೀರೆಂದರೆ ಸುಮಾರು 1,400 ಲೀಟರ್. ಹಾಗಾದರೆ ನಾಲ್ಕು ಜನರ ಮನೆ ದಿನಕ್ಕೆ ನಾಲ್ಕೂವರೆ ಇಂಚು ಎಳೆಯುತ್ತದೆ. ಐದು ಅಡಿ ನೀರು ನಿಂತಿದ್ದು, ಸಂಜೆ ಪಂಪು ಹಾಕಿ ಒಂದು ಅಡಿ ಇಳಿಸಿದ್ದು ಮರುದಿನ ಬೆಳಗ್ಗೆಗೆ ಪೂರ್ತಿ ಏರಿದ್ದರೆ ಒರತೆ ಗಟ್ಟಿ. ಏರದಿದ್ದರೆ ನೀವು ನೋಡುತ್ತಿರುವುದು ಹೋದ ಮಳೆಗಾಲದ ದಾಸ್ತಾನು. ಮೇ ಕೊನೆಗೆ ಟ್ಯಾಂಕರಿಗೆ ಫೋನು ಮಾಡುವ ಗತಿ ಬರುತ್ತದೆ.

ನೀರಿನ ಗುಣವನ್ನು ಎರಡು ರೀತಿ ನೋಡಬೇಕು. ಕೆಂಪುಕಲ್ಲಿನ ಬಾವಿಗಳ ನೀರು ತೀರಾ ಮೆದು, ಲವಣಾಂಶ ಲೀಟರಿಗೆ 100 ಮಿಲಿಗ್ರಾಂಗಿಂತ ಕೆಳಗೇ ಇರುವುದು ಸಾಮಾನ್ಯ. ಇಂಥ ನೀರಿಗೆ ಆರ್‌ಒ ಯಂತ್ರ ಕೂರಿಸುವುದು ದುಡ್ಡೂ ದಂಡ, ನೀರೂ ದಂಡ. ಅದು ಒಳಗೆ ಎಳೆದ ನೀರಿನಲ್ಲಿ ಬಹುಪಾಲನ್ನು ಚರಂಡಿಗೆ ಬಿಡುತ್ತದೆ. ಇಲ್ಲಿನ ತೊಂದರೆ ಉಪ್ಪಲ್ಲ, ರೋಗಾಣು. ಒತ್ತೊತ್ತಾಗಿ ಮನೆ ಎದ್ದ ಕಡೆ ಪಕ್ಕದವರ ಶೌಚದ ಗುಂಡಿಯೂ ನಮ್ಮ ಬಾವಿಯೂ ಒಂದೇ ಕೆಂಪುಕಲ್ಲಿನ ಪದರದಲ್ಲಿರುತ್ತವೆ, ಆ ಕಲ್ಲು ತೂತು ತೂತು. ಗುಂಡಿಗೂ ಬಾವಿಗೂ 15 ಮೀಟರಾದರೂ ಅಂತರ ಇರಬೇಕು; ಐದು ಸೆಂಟ್ಸಿನ (ಸುಮಾರು 2,180 ಚದರ ಅಡಿ) ಸೈಟಿನಲ್ಲಿ ಅದು ಸಿಗುವುದು ಕಷ್ಟ. ಕೋಲಿಫಾರ್ಮ್ (ಮಲದ ಸೋಂಕು ತೋರಿಸುವ ಬ್ಯಾಕ್ಟೀರಿಯಾ) ಪರೀಕ್ಷೆ ಮಾಡಿಸಿ, ಕಾಯಿಸಿ ಕುಡಿಯಿರಿ ಅಥವಾ ಫಿಲ್ಟರಿನ ಜೊತೆ ರೋಗಾಣು ಕೊಲ್ಲುವ ಯುವಿ ದೀಪ ಹಾಕಿಸಿ. ಇದೇ ನೀರು ತುಸು ಹುಳಿ ಗುಣದ್ದು, ಪಿಎಚ್ 6.5ಕ್ಕಿಂತ ಕೆಳಗಿಳಿಯುವುದುಂಟು. ಹಳೆಯ ಜಿಐ (ಸತು ಲೇಪದ ಕಬ್ಬಿಣ) ಪೈಪು, ಗೀಸರಿನ ಟ್ಯಾಂಕು ಬೇಗ ತಿಂದು ಹೋಗುವುದಕ್ಕೆ ಅದೇ ಕಾರಣ.

ಕಡಲು ಮತ್ತು ಅಳಿವೆಯ ಬಳಿ ಕಥೆಯೇ ಬೇರೆ. ನೇತ್ರಾವತಿ, ಫಲ್ಗುಣಿ, ಉದ್ಯಾವರ ಹೊಳೆ, ಸ್ವರ್ಣಾ, ಸೀತಾ, ಎಲ್ಲದರಲ್ಲೂ ಬೇಸಗೆಯ ಭರತದ (ಕಡಲು ಉಕ್ಕುವ) ಹೊತ್ತಿಗೆ ಉಪ್ಪುನೀರು ಒಳಕ್ಕೆ ಏರುತ್ತದೆ. ಮಂಗಳೂರಿನ ಬೋಳಾರ, ಹೊಯಿಗೆಬಜಾರ್, ಉಳ್ಳಾಲದ ಕಡಲ ಬದಿ. ಉಡುಪಿಯ ಪಡುಕೆರೆ, ಕೆಮ್ಮಣ್ಣು, ಕೋಡಿಬೆಂಗ್ರೆ: ಇಲ್ಲಿ ಅಕ್ಟೋಬರಿನಲ್ಲಿ ಸಿಹಿಯಾಗಿದ್ದ ಬಾವಿ ಏಪ್ರಿಲಿಗೆ ಸವುಳಾಗಬಹುದು. ನೀರಿನಲ್ಲಿ ಕರಗಿದ ಲವಣ ಅಳೆಯುವ, ಪೆನ್ನಿನ ಗಾತ್ರದ ಟಿಡಿಎಸ್ ಮೀಟರ್ ಜೇಬಿನಲ್ಲಿರಲಿ. ಒಂದೇ ಬಾವಿಯಲ್ಲಿ ನವೆಂಬರಿಗೂ ಮೇಗೂ ನಡುವೆ ಅಂಕಿ ಹಲವು ಪಟ್ಟು ಏರಿದರೆ ಕಡಲು ಒಳಗೆ ಬಂದಿದೆ ಎಂದೇ ಲೆಕ್ಕ. ಕ್ಲೋರೈಡು ಲೀಟರಿಗೆ 250 ಮಿಲಿಗ್ರಾಂ ದಾಟಿದರೆ ನಾಲಿಗೆಗೆ ತಿಳಿಯುತ್ತದೆ. ಚಹಾದಲ್ಲಿ ಮೊದಲು ತಿಳಿಯುತ್ತದೆ.

ಮಣಿಪಾಲದ್ದು ಇನ್ನೊಂದು ತರಹ. ಅದು ಕೆಂಪುಕಲ್ಲಿನ ಗುಡ್ಡದ ನೆತ್ತಿ. ಗಾಳಿ ಚೆನ್ನಾಗಿ ಬರುತ್ತದೆ, ನೆರೆಯ ಹೆದರಿಕೆ ಇಲ್ಲ, ಆದರೆ ಬಾವಿ ಆಳ ಮತ್ತು ಬೇಸಗೆಗೆ ಬೇಗ ಬತ್ತುತ್ತದೆ. ಮಂಗಳೂರಿನ ಕದ್ರಿ, ಬೋಂದೆಲ್ ಕಡೆಯ ಗುಡ್ಡದ ನೆತ್ತಿಗಳಿಗೂ ಇದೇ ಮಾತು. ನಮ್ಮ ಲೆಕ್ಕದಲ್ಲಿ ಅತ್ಯುತ್ತಮ ಜಾಗ ಗುಡ್ಡದ ನೆತ್ತಿಯೂ ಅಲ್ಲ, ತಗ್ಗಿನ ಬೈಲೂ ಅಲ್ಲ. ನಡುವಿನ ಇಳಿಜಾರು, ಹಳಬರು ಮಜಲು ಎನ್ನುವ ಎತ್ತರ. ಬಾವಿಯೂ ತುಂಬಿರುತ್ತದೆ, ಅಂಗಳಕ್ಕೆ ನೆರೆಯೂ ಬರುವುದಿಲ್ಲ. ಹಳೆಯ ಮನೆಗಳು ಎಲ್ಲಿವೆ ಎಂದು ನೋಡಿದರೆ ಈ ಗೆರೆ ಸುಲಭವಾಗಿ ಕಾಣುತ್ತದೆ.

ಸ್ವಂತ ಮನೆಯಾದರೆ ಮಾಡಿನ (ಛಾವಣಿಯ) ನೀರನ್ನು ಬಾವಿಗೆ ಇಳಿಸುವ ವ್ಯವಸ್ಥೆ ಇದೆಯೇ ನೋಡಿ. 100 ಚದರ ಮೀಟರ್ ಮಾಡಿನ ಮೇಲೆ ಒಂದೇ ದಿನ 100 ಮಿಲಿಮೀಟರ್ ಮಳೆ ಬಿದ್ದರೆ 10,000 ಲೀಟರ್. ಜುಲೈನಲ್ಲಿ ಅಂಥ ದಿನಗಳಿಗೆ ಬರವಿಲ್ಲ. ಡ್ರಮ್ಮಿನಲ್ಲಿ ಜಲ್ಲಿ, ಮರಳು, ಇದ್ದಿಲು ಹಾಕಿ ಸೋಸಿ ಬಾವಿಗೆ ಬಿಡುತ್ತಾರೆ. ಮೊದಲ ಎರಡು ಮಳೆಯ ನೀರನ್ನು ಹೊರಗೆ ಬಿಡಲು ಒಂದು ಗೇಟ್ ವಾಲ್ವ್ ಇರಲೇಬೇಕು, ಇಲ್ಲವಾದರೆ ವರ್ಷವಿಡೀ ಮಾಡಿನ ಮೇಲೆ ಕುಳಿತ ಹಕ್ಕಿ ಹಿಕ್ಕೆ, ತರಗೆಲೆಯ ರಸ ಎಲ್ಲ ಬಾವಿಗೇ.

ಇನ್ನು ಜುಲೈ. ಮಳೆ ಬರುವುದು ನೈಋತ್ಯದಿಂದ, ಗಾಳಿಯ ಜೊತೆ ಅಡ್ಡಡ್ಡ. ಆದ್ದರಿಂದ ಮನೆಯ ಪಡುಗೋಡೆ, ತೆಂಕುಗೋಡೆ ಮೊದಲು ನೋಡುವಂಥದ್ದು. ಕಿಟಕಿಯ ಮೇಲೆ ಎರಡು ಅಡಿ ಸಜ್ಜ ಇಲ್ಲದ ಹೊಸ ಮಾದರಿಯ ಫ್ಲ್ಯಾಟುಗಳು ಫೋಟೋದಲ್ಲಿ ಚೆಂದ. ಆಷಾಢದಲ್ಲಿ ಕಿಟಕಿಯ ಕೆಳಮೂಲೆಯಿಂದ ನೀರು ಇಳಿದು ಮಂಚದ ಕಾಲು ಒದ್ದೆ. ಕಪಾಟಿನ ಬಾಗಿಲು ತೆರೆದು ಹಿಂಬದಿಯ ಪ್ಲೈವುಡ್ ಮೂಸಿ ನೋಡಿ. ಬೂಷ್ಟು ಹಿಡಿದ ವಾಸನೆ ಬಣ್ಣ ಬಳಿದರೆ ಹೋಗುವುದಲ್ಲ. ಅಕ್ಟೋಬರಿನಲ್ಲಿ ಒಂದೇ ಒಂದು ಗೋಡೆಗೆ ಹೊಸ ಬಣ್ಣ ಬಿದ್ದಿದ್ದರೆ ಅನುಮಾನಿಸಿ. ಮೇಲಿನ ಮಹಡಿಯಾದರೆ ತಾರಸಿಯ ಮೇಲೆ ಶೀಟಿನ ಮಾಡು ಇದೆಯೇ ಎಂಬುದು ಮುಖ್ಯ. ಕರಾವಳಿಯಲ್ಲಿ ಅದು ಆಡಂಬರವಲ್ಲ. ಸ್ಲ್ಯಾಬು ಸೋರದಿರಲು, ಏಪ್ರಿಲಿನಲ್ಲಿ ಕಾಯದಿರಲು, ಎಲ್ಲಕ್ಕಿಂತ ಮುಖ್ಯವಾಗಿ ಬಟ್ಟೆ ಒಣಗಲು. ನಾಲ್ಕು ತಿಂಗಳು ಬಿಸಿಲು ನಂಬಲಾಗದ ಊರಿನಲ್ಲಿ ಬಟ್ಟೆ ಹರವಲು ಗಾಳಿಯಾಡುವ ಜಾಗ ಇಲ್ಲದ ಮನೆಗೆ ಎಷ್ಟೇ ಕಡಿಮೆ ಬಾಡಿಗೆಯಿದ್ದರೂ ನಾವು ಬೇಡವೆನ್ನುತ್ತೇವೆ.

ಹದಿನೈದಿಪ್ಪತ್ತು ವರ್ಷ ಹಳೆಯ ಫ್ಲ್ಯಾಟಾದರೆ ಬಾಲ್ಕನಿಯ ತಳಭಾಗ, ಸಂಪಿನ ಒಳಮೈ, ಪಾರ್ಕಿಂಗಿನ ಕಂಬಗಳ ಬುಡ ನೋಡಬೇಕು. ಕಬ್ಬಿಣದ ಸರಳಿನ ಉದ್ದಕ್ಕೂ ನೇರ ಬಿರುಕು, ಅದರ ಪಕ್ಕ ಕಂದು ಗೆರೆ ಕಂಡರೆ ಒಳಗೆ ಸರಳು ತುಕ್ಕು ಹಿಡಿದು ಉಬ್ಬಿದೆ. ಬೀಗದ ಕೈಯ ಹಿಂಬದಿಯಿಂದ ತಟ್ಟಿದರೆ ಪೊಳ್ಳು ಸದ್ದು ಬರುತ್ತದೆ. ಕಾರಣ ಉಪ್ಪು: ಗಾಳಿಯಲ್ಲಿ ಬಂದದ್ದಿರಬಹುದು, ತೊಳೆಯದ ಅಳಿವೆ ಮರಳಿನಲ್ಲಿ ಬಂದದ್ದಿರಬಹುದು. ಭಾರತೀಯ ಮಾನಕ 456ರ ಪ್ರಕಾರ ಕರಾವಳಿಯ ಗಾಳಿಗೆ ಒಡ್ಡಿದ ಕಾಂಕ್ರೀಟು ಕನಿಷ್ಠ ಎಂ30 ದರ್ಜೆಯದಾಗಿರಬೇಕು, ಸರಳಿನ ಮೇಲೆ 45 ಮಿಲಿಮೀಟರ್ ಹೊದಿಕೆ ಇರಬೇಕು. ಹೊಸ ಕಟ್ಟಡದ ಬಿಲ್ಡರನ್ನು ಈ ಎರಡು ಅಂಕಿ ಕೇಳಿ. ತಡವರಿಸಿದರೆ ಎಂಜಿನಿಯರನ್ನು ಕರೆಸಲು ಹೇಳಿ.

ನೆರೆ ಎರಡೂ ಊರಿನಲ್ಲಿ ಅದೇ ಅದೇ ಜಾಗಗಳಿಗೆ ಬರುತ್ತದೆ. ಮಂಗಳೂರಿನಲ್ಲಿ ಕೊಟ್ಟಾರಚೌಕಿ, ಪಂಪ್‌ವೆಲ್, ಪಡೀಲಿನ ರೈಲ್ವೆ ಕೆಳಸೇತುವೆ, ಜಪ್ಪಿನಮೊಗರಿನ ತಗ್ಗು. ಉಡುಪಿಯಲ್ಲಿ ಇಂದ್ರಾಣಿ ಹೊಳೆಯ ದಂಡೆ: ಕಲ್ಸಂಕ, ಗುಂಡಿಬೈಲು, ಬಡಗುಪೇಟೆ. 2020ರ ಸೆಪ್ಟೆಂಬರಿನಲ್ಲಿ ಉಡುಪಿಯ ಈ ಭಾಗಗಳಲ್ಲಿ ಮನೆಯೊಳಗೆ ನೀರು ನುಗ್ಗಿ ದೋಣಿ ಇಳಿಸಬೇಕಾಯಿತು. ಕಾರಣ ಎರಡೂ ಕಡೆ ಒಂದೇ: ಗದ್ದೆ ತುಂಬಿಸಿ ಕಟ್ಟಿದ್ದು, ನೀರು ಹರಿಯುವ ತೋಡು ಕಿರಿದಾದದ್ದು, ಅದರ ಮೇಲೆ ಕಡಲಲ್ಲಿ ಭರತವಿದ್ದ ಹೊತ್ತಿಗೇ ಜೋರು ಮಳೆ ಬಂದರೆ ನೀರಿಗೆ ಹೋಗಲು ದಾರಿಯಿಲ್ಲ. ಓಣಿಯ ಕಾಂಪೌಂಡ್ ಗೋಡೆಗಳ ಮೇಲೆ ಮಣ್ಣಿನ ಗೆರೆ ಹುಡುಕಿ. ಅಂಗಡಿಯವರನ್ನು "ಇಲ್ಲಿ ನೀರು ಬರ್ತದಾ?" ಎಂದು ಕೇಳಬೇಡಿ, "ಹೋದ ವರ್ಷ ಎಲ್ಲಿವರೆಗೆ ಬಂದಿತ್ತು?" ಎಂದು ಕೇಳಿ, ಕೈ ತೋರಿಸಿ ಹೇಳುತ್ತಾರೆ.

ತಗ್ಗಿನಲ್ಲಿ ನೆರೆಯಾದರೆ ಗುಡ್ಡದಲ್ಲಿ ಕುಸಿತ. ಮೇಲೆ ಗಟ್ಟಿ ಕೆಂಪುಕಲ್ಲು, ಅದರ ಅಡಿಯಲ್ಲಿ ಬಿಳಿ, ಗುಲಾಬಿ ಬಣ್ಣದ ಶೇಡಿ ಮಣ್ಣು. ಒಣಗಿದ್ದಾಗ ಸಲಿಕೆಗೂ ಬಗ್ಗದು; ನೀರು ಕುಡಿದರೆ ಹಿಟ್ಟಿನಂತೆ ಜಾರುತ್ತದೆ. ಗುಡ್ಡ ಕಡಿದು ಸೈಟು ಮಾಡಿದ ಕಡೆ ಬರೆಯಲ್ಲಿ (ಕಡಿದ ಬದಿಯಲ್ಲಿ) ಈ ಬಿಳಿ ಪದರ ಕಂಡರೆ, ಅದರ ಮೇಲೆಯೋ ಕೆಳಗೋ ಇರುವ ಮನೆಗೆ ತಡೆಗೋಡೆ ಇದ್ದರೆ ಸಾಲದು. ಗೋಡೆಯಲ್ಲಿ ನೀರು ಹೊರಬರಲು ಕೊಳವೆಗಳಿರಬೇಕು, ಜುಲೈನಲ್ಲಿ ಅವುಗಳಿಂದ ನೀರು ಬರುತ್ತಲೂ ಇರಬೇಕು. ಒಣಗಿದ ಕೊಳವೆ ಎಂದರೆ ನೀರು ಗೋಡೆಯ ಹಿಂದೆ ನಿಂತಿದೆ.

ಕಡಲು ಕಾಣುವ ಮನೆ ಬೇಕೆನ್ನುವವರಿಗೆ ಎರಡು ಮಾತು. ಅಲೆಯಿಂದ ಒಂದು ಕಿಲೋಮೀಟರಿನೊಳಗೆ ಏಸಿಯ ಹೊರಯಂತ್ರ, ಫ್ರಿಜ್ಜಿನ ಹಿಂಬದಿ, ಗೇಟು, ಬಾಗಿಲ ತಿರುಗಣೆ, ಎಲ್ಲದರ ಆಯುಷ್ಯವೂ ಅರ್ಧ. ತಿರುಗಣೆ, ಬೋಲ್ಟುಗಳಿಗೆ 316 ದರ್ಜೆಯ ಸ್ಟೀಲು ಹಾಕಿಸಿ, 304 ಕೂಡ ಕಲೆ ಹಿಡಿಯುತ್ತದೆ. ಕಬ್ಬಿಣದ ಗೇಟಿಗೆ ಪ್ರತಿ ಮೇ ತಿಂಗಳಲ್ಲಿ ಉಜ್ಜಿ ಬಣ್ಣ. ಎರಡನೆಯದು ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯ: ಭರತದ ಗೆರೆಯಿಂದ 500 ಮೀಟರ್ ಒಳಗಿನ ಜಾಗಕ್ಕೆ, ಉಪ್ಪುನೀರು ಏರುವ ಹೊಳೆಗಳ ದಂಡೆಗೂ, ಕಟ್ಟಲು ನಿರ್ಬಂಧವಿದೆ. ಜಾಗ ಅಗ್ಗಕ್ಕೆ ಸಿಗುತ್ತಿದ್ದರೆ ಕರಾವಳಿ ವಲಯ ನಕ್ಷೆಯಲ್ಲಿ ಸರ್ವೆ ನಂಬರು ಎಲ್ಲಿ ಬೀಳುತ್ತದೆ ನೋಡಿ. ಉಳ್ಳಾಲದ ಕಡೆ ಕಡಲ್ಕೊರೆತ ಹಳೆಯ ಸಂಕಟ, ಕಲ್ಲಿನ ರಾಶಿ ಹಾಕಿದರೂ ಅಲೆ ಪಕ್ಕಕ್ಕೆ ಸರಿದು ಇನ್ನೊಂದು ಕಡೆ ತಿನ್ನುತ್ತದೆ. ಪಡುಕೆರೆ ಕಡಲಿಗೂ ಹೊಳೆಗೂ ನಡುವಿನ ಕಿರಿದಾದ ಪಟ್ಟಿ. ವಾರಾಂತ್ಯಕ್ಕೆ ಸೊಗಸು, ವರ್ಷವಿಡೀ ಇರಲು ನಾವು ಹೇಳುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಣಂಬೂರಿನಲ್ಲಾಗಲಿ ಮಲ್ಪೆಯಲ್ಲಾಗಲಿ ನೀರಿಗಿಳಿಯುವಂತಿಲ್ಲ.

ಇಷ್ಟು ದೂರ ಎರಡೂ ಊರು ಹೆಚ್ಚುಕಮ್ಮಿ ಸರಿಸಮ. ಬೇರೆಯಾಗುವುದು ಆಸ್ಪತ್ರೆ ಮತ್ತು ಓಡಾಟದಲ್ಲಿ.

ಮಂಗಳೂರಿನಲ್ಲಿ ಸರಕಾರಿ ವೆನ್ಲಾಕ್, ಹೆರಿಗೆಗೆ ಲೇಡಿಗೋಶನ್. ಅವಲ್ಲದೆ ಕಂಕನಾಡಿಯಿಂದ ಕುಂಟಿಕಾನದವರೆಗೆ, ಆಚೆ ದೇರಳಕಟ್ಟೆಯವರೆಗೆ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳ ಸಾಲೇ ಇದೆ. ಒಬ್ಬ ವೈದ್ಯರ ಅಭಿಪ್ರಾಯ ಸಮಾಧಾನ ತರದಿದ್ದರೆ ಅದೇ ದಿನ ಇನ್ನೊಬ್ಬರ ಬಳಿ ಹೋಗಬಹುದು. ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆ, ಪೇಟೆಯ ಕೆಲವು ಖಾಸಗಿ ಆಸ್ಪತ್ರೆಗಳು, ಎಲ್ಲದರ ಮೇಲೆ ಮಣಿಪಾಲದ ಕಸ್ತೂರ್ಬಾ. ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಕಟ್ಟಿದ ವೈದ್ಯಕೀಯ ಕಾಲೇಜಿನದು. ಶಿವಮೊಗ್ಗ, ಉತ್ತರ ಕನ್ನಡದಿಂದಲೂ ರೋಗಿಗಳು ಬರುವುದರಿಂದ ಹೊರರೋಗಿ ವಿಭಾಗದಲ್ಲಿ ಬೆಳಗ್ಗೆ ನೂಕುನುಗ್ಗಲು, ಆದರೆ ಹೃದಯ, ಮೂತ್ರಪಿಂಡ, ಕಣ್ಣು ಎಲ್ಲದರ ಕಡತ ಒಂದೇ ಸೂರಿನಡಿ. ವಯಸ್ಸಾದ ತಂದೆತಾಯಿ ಇರುವ ಮನೆಗೆ ಇದು ದೊಡ್ಡ ಅನುಕೂಲ. ಕುಂಜಿಬೆಟ್ಟು, ಇಂದ್ರಾಳಿ, ಪರ್ಕಳದಿಂದ ಕೆಲವೇ ಕಿಲೋಮೀಟರು. ಮಂಗಳೂರಿನಲ್ಲಿ ಆಸ್ಪತ್ರೆ ಹತ್ತಿರವೇ ಇದ್ದರೂ ಸಂಜೆ ನಂತೂರು, ಕೆಪಿಟಿ ವೃತ್ತ ದಾಟುವ ಹೊತ್ತನ್ನು ಸೇರಿಸಿ ಲೆಕ್ಕ ಹಾಕಿ.

ವಿಮಾನಕ್ಕೆ ಮಂಗಳೂರೇ. ಬಜಪೆಯ ವಿಮಾನ ನಿಲ್ದಾಣ ನಗರದಿಂದ ಅರ್ಧ ಗಂಟೆಯ ಆಸುಪಾಸು. ಉಡುಪಿಯಿಂದ ಒಂದೂಕಾಲು ಗಂಟೆಯಾದರೂ ಇಟ್ಟುಕೊಳ್ಳಬೇಕು. ಮೂಲ್ಕಿಯಿಂದ ಕಿನ್ನಿಗೋಳಿ, ಕಟೀಲು ಮೂಲಕ ಹೋದರೆ ಸುರತ್ಕಲ್ ಗದ್ದಲ ತಪ್ಪುತ್ತದೆ. ಸುರತ್ಕಲ್ ಟೋಲು 2022ರ ಡಿಸೆಂಬರ್ 1ರಿಂದ ನಿಂತಿದೆ, ಹೆಜಮಾಡಿಯದು ಇದೆ. ಉಡುಪಿಯಲ್ಲಿ ಮನೆ, ಮಂಗಳೂರಿನಲ್ಲಿ ಕೆಲಸ ಎನ್ನುವವರು ಹೆಜಮಾಡಿಯ ತಿಂಗಳ ಪಾಸನ್ನೂ ಬಾಡಿಗೆಗೆ ಕೂಡಿಸಿ ನೋಡಬೇಕು.

ರೈಲಿನಲ್ಲಿ ಉಡುಪಿ ಹಿಂದೆ ಬಿದ್ದಿಲ್ಲ. ಇಂದ್ರಾಳಿಯ ನಿಲ್ದಾಣ ಕೊಂಕಣ ರೈಲ್ವೆಯ ಮುಖ್ಯ ಹಳಿಯ ಮೇಲೇ ಇದೆ. ಮುಂಬೈ, ಗೋವಾ ಕಡೆಗೆ ಹೋಗುವವರಿಗೆ ಇಲ್ಲಿಂದ ಹತ್ತುವುದು ಸಲೀಸು. ಮಂಗಳೂರಿನಲ್ಲಿ ಸೆಂಟ್ರಲ್ ಮತ್ತು ಜಂಕ್ಷನ್ ಎಂದು ಎರಡು ನಿಲ್ದಾಣ. ಕೇರಳದಿಂದ ಮುಂಬೈಗೆ ಹೋಗುವ ನೇತ್ರಾವತಿಯಂಥ ರೈಲುಗಳು ಜಂಕ್ಷನ್ನಿನಲ್ಲಿ ನಿಂತು ಹೋಗುತ್ತವೆ, ಸೆಂಟ್ರಲ್‌ಗೆ ಬರುವುದಿಲ್ಲ. ಮತ್ಸ್ಯಗಂಧ ಹೊರಡುವುದು ಸೆಂಟ್ರಲ್‌ನಿಂದ. ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ಪಂಚಗಂಗಾ ಮಂಗಳೂರು ಪೇಟೆಗೆ ಬಾರದೆ ಪಡೀಲಿನಿಂದಲೇ ತಿರುಗಿ ಸುರತ್ಕಲ್, ಉಡುಪಿ ಹಿಡಿಯುತ್ತದೆ. ಟಿಕೆಟ್ಟಿನಲ್ಲಿ ನಿಲ್ದಾಣದ ಹೆಸರು ಓದದಿದ್ದರೆ ಆಟೋದವನಿಗೆ ಲಾಭ. ಮಳೆಗಾಲದಲ್ಲಿ ಬೆಂಗಳೂರು ಸಂಪರ್ಕ ಎರಡೂ ಊರಿಗೆ ಒಂದೇ ದಾರದ ಮೇಲೆ ನಿಂತದ್ದು. 2024ರ ಜುಲೈನಲ್ಲಿ ಘಟ್ಟದ ಎಡಕುಮೇರಿ-ಕಡಗರವಳ್ಳಿ ನಡುವೆ ಹಳಿಯಡಿಯ ಮಣ್ಣು ಕುಸಿದು ರೈಲು ನಿಂತಿತು, ಅದೇ ಹೊತ್ತಿಗೆ ಶಿರಾಡಿ ಘಾಟಿಯ ರಸ್ತೆಯೂ ಆಗಾಗ ಮುಚ್ಚುತ್ತಿತ್ತು. ಉಡುಪಿಯವರಿಗೆ ಆಗುಂಬೆ ಘಾಟಿ ಇದೆಯಲ್ಲ ಎನ್ನಬಹುದು. ಮಳೆಗಾಲದಲ್ಲಿ ಅಲ್ಲಿ ಘನ ವಾಹನಗಳಿಗೆ ನಿರ್ಬಂಧ, ದಾರಿಯೂ ಸುತ್ತು. ಜುಲೈ, ಆಗಸ್ಟಿನಲ್ಲಿ ತಪ್ಪಿಸಲಾಗದ ಕೆಲಸವಿದ್ದರೆ ಒಂದು ದಿನ ಮೊದಲೇ ಹೊರಡಿ.

ಊರೊಳಗಿನ ಓಡಾಟ ಖಾಸಗಿ ಸಿಟಿ ಬಸ್ಸಿನ ಕೈಯಲ್ಲಿ. ಮಂಗಳೂರಿನಲ್ಲಿ ನಂಬರಿನ ಮೇಲೆ ಬಸ್ಸು ಹಿಡಿಯುತ್ತಾರೆ, ಸ್ಟೇಟ್‌ಬ್ಯಾಂಕ್ ಎಂಬ ನಿಲ್ದಾಣ ಅದರ ಬೇರು. ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಸರಕಾರಿ ಬಸ್ಸಿನಲ್ಲಿ ಮಾತ್ರ. ಇಲ್ಲಿ ಹೆಚ್ಚಿನ ಮಾರ್ಗ ಖಾಸಗಿಯವರದ್ದಾದ್ದರಿಂದ ಬೆಂಗಳೂರಿನ ಲೆಕ್ಕ ಹಿಡಿದು ಬಂದವರು ಬಸ್ಸಿನ ಖರ್ಚನ್ನು ಬಜೆಟ್ಟಿಗೆ ಮತ್ತೆ ಸೇರಿಸಿಕೊಳ್ಳಲಿ. ಮಂಗಳೂರು ಮಹಾನಗರಪಾಲಿಕೆಗೆ 60 ವಾರ್ಡು, ಉಡುಪಿ ನಗರಸಭೆಗೆ 35. ಗಾತ್ರದ ಈ ವ್ಯತ್ಯಾಸ ದಿನನಿತ್ಯದಲ್ಲಿ ಹೇಗೆ ತಟ್ಟುತ್ತದೆಂದರೆ, ಉಡುಪಿಯಲ್ಲಿ ಬ್ಯಾಂಕು, ತರಕಾರಿ, ಅಂಚೆ ಕಚೇರಿ ಮೂರೂ ಒಂದೇ ಬೆಳಗಿನಲ್ಲಿ ಮುಗಿಯುತ್ತದೆ. ಕೃಷ್ಣಮಠದ ರಥಬೀದಿಯ ಸುತ್ತ ಮನೆ ಮಾಡುವವರು ಮಾತ್ರ ಅಷ್ಟಮಿ, ವಿಟ್ಲಪಿಂಡಿ, ಎರಡು ವರ್ಷಕ್ಕೊಮ್ಮೆ ಜನವರಿ 18ರ ಪರ್ಯಾಯ, ಇವುಗಳಿಗೆ ಕಾರು ಹೊರಗೆ ತೆಗೆಯುವ ಆಸೆ ಬಿಡಬೇಕು.

ನಡುವೆ ಸುರತ್ಕಲ್ಲಿನಲ್ಲಿ ಇದ್ದರೆ ಎರಡೂ ಊರಿನ ಲಾಭ ಸಿಗುತ್ತದೆಂಬ ಮಾತು ಕೇಳಿಬರುತ್ತದೆ. ಎನ್‌ಐಟಿಕೆ ಎಂಜಿನಿಯರಿಂಗ್ ಕಾಲೇಜಿನ ಆವರಣದ ಆಸುಪಾಸು ಚೆನ್ನಾಗಿದೆ, ಪಂಚಗಂಗಾ ಅಲ್ಲೇ ನಿಲ್ಲುತ್ತದೆ. ಆದರೆ ಪಕ್ಕದಲ್ಲೇ ಎಂಆರ್‌ಪಿಎಲ್ ತೈಲ ಶುದ್ಧೀಕರಣಾಗಾರ, ಎಂಸಿಎಫ್ ಗೊಬ್ಬರ ಕಾರ್ಖಾನೆ, ಬೈಕಂಪಾಡಿ ಕೈಗಾರಿಕಾ ಪ್ರದೇಶ, ನವಮಂಗಳೂರು ಬಂದರು. ಕುಳಾಯಿ, ಜೋಕಟ್ಟೆ, ಕುತ್ತೆತ್ತೂರು ಕಡೆ ಮನೆ ನೋಡುವುದಾದರೆ ರಾತ್ರಿ ಹತ್ತರ ಮೇಲೆ ಹೋಗಿ ಅಂಗಳದಲ್ಲಿ ನಿಂತು ಉಸಿರೆಳೆಯಿರಿ; ಹಗಲು ಕಡಲಗಾಳಿ ಒಳನಾಡಿಗೆ ಬೀಸುತ್ತದೆ, ರಾತ್ರಿ ನೆಲದ ಗಾಳಿ ಕಡಲಿಗೆ, ಹಾಗಾಗಿ ವಾಸನೆ ಬರುವ ದಿಕ್ಕು ಬದಲಾಗುತ್ತದೆ. ಪಡುಬಿದ್ರಿಯಲ್ಲಿ 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ ಕಡಲತೀರದ ಅಂತರರಾಷ್ಟ್ರೀಯ ಮಾನ್ಯತೆ) ಸಿಕ್ಕ ಕಡಲತೀರವೂ ಇದೆ, ಒಳಗೆ ಎಲ್ಲೂರಿನಲ್ಲಿ 1,200 ಮೆಗಾವ್ಯಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರವೂ ಇದೆ. ಒಂದನ್ನು ನೋಡಿ ಇನ್ನೊಂದನ್ನು ಮರೆಯಬಾರದು.

ಮಂಗಳೂರಿನ ವಿಷಯದಲ್ಲಿ ಇನ್ನೊಂದು: ಮಲೇರಿಯ ಇಲ್ಲಿ ದಶಕಗಳ ಕಾಟ. ಹರಡುವ ಸೊಳ್ಳೆ ಬೆಳೆಯುವುದು ಗಟಾರದಲ್ಲಲ್ಲ, ಮುಚ್ಚದ ಟ್ಯಾಂಕು ಮತ್ತು ಕಟ್ಟುತ್ತಿರುವ ಕಟ್ಟಡದಲ್ಲಿ ನಿಂತ ಶುದ್ಧ ನೀರಿನಲ್ಲಿ. ಪಕ್ಕದ ಸೈಟಿನಲ್ಲಿ ಕಟ್ಟಡ ಏಳುತ್ತಿದ್ದರೆ ಕಿಟಕಿಗಳಿಗೆ ಬಲೆ ಹಾಕಿಸಿಕೊಡಲು ಮನೆ ಯಜಮಾನರಿಗೆ ಮೊದಲೇ ಹೇಳಿ.

ನಮ್ಮ ಆಯ್ಕೆ ಉಡುಪಿಯ ಪೂರ್ವ ಭಾಗ, ಕುಂಜಿಬೆಟ್ಟಿನಿಂದ ದೊಡ್ಡಣಗುಡ್ಡೆಯ ನಡುವಿನ ಇಳಿಜಾರು. ಬಾವಿ, ಎತ್ತರ, ಕಸ್ತೂರ್ಬಾ ಆಸ್ಪತ್ರೆ ಮೂರೂ ಕೂಡಿಬಂದದ್ದು ಅಲ್ಲಿ. ಮನೆಯಿಂದಲೇ ಕೆಲಸ ಮಾಡುವವರಿಗೆ ಇದು ಹೊಂದುತ್ತದೆ. ತಿಂಗಳಿಗೊಮ್ಮೆ ವಿಮಾನ ಹತ್ತುವವರಿಗೆ, ಇಲ್ಲೇ ಕೆಲಸ ಹುಡುಕಬೇಕಾದವರಿಗೆ, ಮಕ್ಕಳ ಪಿಯುಸಿಗೆ ನಾಲ್ಕೈದು ಕಾಲೇಜು ಹೋಲಿಸಿ ನೋಡಬೇಕೆನ್ನುವವರಿಗೆ ಮಂಗಳೂರು ಬಿಟ್ಟು ಬೇರೆ ಹೇಳುವುದು ಸರಿಯಲ್ಲ. ಅವರು ಬಿಜೈ, ಕದ್ರಿ, ದೇರೆಬೈಲಿನ ಎತ್ತರದ ಓಣಿಗಳನ್ನು ನೋಡಲಿ.

ಯಾವ ಊರಾದರೂ ಮೊದಲ ವರ್ಷ ಬಾಡಿಗೆ. ಕರಾರು ಹನ್ನೊಂದು ತಿಂಗಳದ್ದೇ ಆಗಿರುತ್ತದೆ. ಅಕ್ಟೋಬರ್ ಕೊನೆಗೆ ಸೇರಿದರೆ ಮೇ ತಿಂಗಳೂ ಜುಲೈ ತಿಂಗಳೂ ಅದರೊಳಗೆ ಬರುತ್ತವೆ, ಮಳೆಯಲ್ಲಿ ಸಾಮಾನು ಸಾಗಿಸುವ ಗೋಳೂ ಇಲ್ಲ. ಮಣಿಪಾಲದ ಬಾಡಿಗೆ ಪೇಟೆ ವಿದ್ಯಾರ್ಥಿಗಳ ಲಯದಲ್ಲಿ ನಡೆಯುತ್ತದೆ, ಕಾಲೇಜು ತೆರೆಯುವ ಜುಲೈ, ಆಗಸ್ಟಿನಲ್ಲಿ ಬಾಡಿಗೆ ಏರುತ್ತದೆ. ಸಂಸಾರಸ್ಥರು ಈಶ್ವರನಗರ ಬಿಟ್ಟು ಪರ್ಕಳ, ಅಲೆವೂರು ಕಡೆ ನೋಡುವುದು ಲೇಸು. ಕರಾರಿನಲ್ಲಿ ಮೂರು ವಾಕ್ಯ ಸೇರಿಸಿಕೊಳ್ಳಿ: ನಳ್ಳಿ ನಿಂತಾಗ ಟ್ಯಾಂಕರ್ ಖರ್ಚು ಯಾರದು, ಮಳೆಗೆ ಸೋರಿದರೆ ಎಷ್ಟು ದಿನದೊಳಗೆ ರಿಪೇರಿ, ಪಂಪು ಸುಟ್ಟರೆ ಯಾರ ಖರ್ಚು. ಮೆಸ್ಕಾಂನ ಆರ್‌ಆರ್ ನಂಬರು ಹಾಕಿ ಹಳೆಯ ಬಾಕಿ ಇಲ್ಲವೆಂದು ನೋಡಿಕೊಂಡೇ ಅಡ್ವಾನ್ಸ್ ಕೊಡಿ. ಬೆಂಗಳೂರಿನ ಕೆಎ-05 ಗಾಡಿಯನ್ನು ಉಡುಪಿಯ ಕೆಎ-20ಕ್ಕೆ ಬದಲಿಸಬೇಕಿಲ್ಲ, ಆರ್‌ಸಿಯಲ್ಲಿ ವಿಳಾಸ ಬದಲಿಸಿದರೆ ಸಾಕು. ಅದಕ್ಕೆ 30 ದಿನದ ಗಡುವಿದೆ.

ಕೊಳ್ಳುವ ಹೊತ್ತಿಗೆ ಜಾಗದ ಮಾತು ಸೆಂಟ್ಸಿನಲ್ಲಿ ನಡೆಯುತ್ತದೆ. ಒಂದು ಸೆಂಟ್ಸು 435.6 ಚದರ ಅಡಿ. ನಗರದೊಳಗಾದರೆ ಇ-ಖಾತಾ, ಭೂಪರಿವರ್ತನೆ ಆದೇಶ, ನಗರಾಭಿವೃದ್ಧಿ ಪ್ರಾಧಿಕಾರದ ವಿನ್ಯಾಸ ಮಂಜೂರಾತಿ, 30 ವರ್ಷದ ಋಣಭಾರ ಪತ್ರ. ಪಂಚಾಯತ್ ವ್ಯಾಪ್ತಿಯಾದರೆ ಪಂಚಾಯತ್ ಕೊಡುವ ಆಸ್ತಿ ದಾಖಲೆಗಳಾದ ನಮೂನೆ 9 ಮತ್ತು 11ಎ. 11ಬಿ ಮಾತ್ರ ಇದ್ದರೆ ಬ್ಯಾಂಕ್ ಸಾಲ ಸಿಗುವುದು ಕಷ್ಟ. ಎರಡೂ ಊರಿನ ಹಳೆಯ ಪೇಟೆಯಲ್ಲಿ ಮೂಲಗೇಣಿ ಜಾಗಗಳಿವೆ. ಮನೆ ಮಾರುವವರದು, ನೆಲ ಇನ್ನೊಬ್ಬರದು, ವರ್ಷಕ್ಕೆ ಚಿಲ್ಲರೆ ಗೇಣಿ. ಗೇಣಿದಾರರಿಗೆ ಒಡೆತನ ಕೊಡುವ ಕಾಯ್ದೆ 2011ರಲ್ಲಿ ಬಂದರೂ ಅದು ನ್ಯಾಯಾಲಯದ ಮೆಟ್ಟಿಲು ಹತ್ತಿತು. ಹತ್ತಿರದ ಬೇರೆ ಜಾಗಕ್ಕಿಂತ ಬೆಲೆ ಎದ್ದು ಕಾಣುವಷ್ಟು ಕಡಿಮೆಯಿದ್ದರೆ ಕ್ರಯಪತ್ರದಲ್ಲಿ ಆ ಪದ ಇದೆಯೇ ಹುಡುಕಿ. ಇದ್ದರೆ ಮೂಲದಾರರ (ನೆಲದ ಒಡೆಯರ) ಒಪ್ಪಿಗೆ ಪತ್ರ ಕೈಗೆ ಬರುವವರೆಗೆ ಮುಂಗಡ ಕೊಡಬೇಡಿ.